ಕುತ್ತಿಗೆಯ ಮೇಲೆ ಗುರುತಿರಲಿಲ್ಲ: ಎರಡು ಆಸ್ಪತ್ರೆಗಳ ಶುಶ್ರೂಷಾ ಸೇವೆಯ ವಿಮರ್ಶೆ

ಆಸ್ಪತ್ರೆಗಳ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ವೈದ್ಯರ ಕೈಗುಣವನ್ನೋ, ಕಾಯಿಸಿದ ಹೊತ್ತನ್ನೋ, ಬಿಲ್ಲಿನ ಮೊತ್ತವನ್ನೋ ಮುಂದಿಟ್ಟುಕೊಂಡು ಬರೆಯುತ್ತಾರೆ. ನಾನು ಬರೆಯುತ್ತಿರುವುದು ನರ್ಸ್‌ಗಳ ಸೇವೆಯ ಬಗ್ಗೆ, ಅದರಲ್ಲಿಯೂ ಮನೆಯಲ್ಲಿ ಏಟು ತಿಂದು ಬಂದ ಹೆಣ್ಣಿಗೆ ಅವರು ಕೊಡುವ, ಅಥವಾ ಕೊಡಬೇಕಾಗಿದ್ದರೂ ಕೊಡದೆ ಬಿಡುವ ಆರೈಕೆಯ ಬಗ್ಗೆ. ಹನ್ನೊಂದು ತಿಂಗಳ ಅಂತರದಲ್ಲಿ ಎರಡು ಆಸ್ಪತ್ರೆಗಳಿಗೆ ನಾನೇ ರೋಗಿಯಾಗಿ ಹೋಗಿದ್ದೆ. ಎರಡೂ ಸಲ ನನ್ನನ್ನು ಕರೆದುಕೊಂಡು ಹೋದವನು ಹೊಡೆದವನೇ. ಹೆಸರು ಹೇಳಿದರೆ ನನ್ನ ಗುರುತು ಬಯಲಾಗುತ್ತದೆ, ಆದ್ದರಿಂದ ಅವನ್ನು ಮೊದಲನೆಯ ಆಸ್ಪತ್ರೆ, ಎರಡನೆಯ ಆಸ್ಪತ್ರೆ ಎಂದಷ್ಟೇ ಕರೆಯುತ್ತೇನೆ. ಈ ಸೇವೆ ಹೇಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಈ ಕ್ಷೇತ್ರದಲ್ಲಿ ದುಡಿದ ನರ್ಸ್‌ಗಳೂ ಹೇಳಿರುವುದನ್ನು ಆಮೇಲಿನ ತಿಂಗಳುಗಳಲ್ಲಿ ಸಿಕ್ಕಷ್ಟು ಓದಿಕೊಂಡೆ. ನಾನು ಕೊಡುವ ಅಂಕಗಳ ಹಿಂದೆ ಅನುಭವದ ಜೊತೆಗೆ ಆ ಓದೂ ಇದೆ.

ಮೊದಲನೆಯ ಆಸ್ಪತ್ರೆಗೆ ಹೋದಾಗ ಹಣೆ ಒಡೆದಿತ್ತು. ತುರ್ತು ಚಿಕಿತ್ಸಾ ವಿಭಾಗದ ಸಿಸ್ಟರ್ ಕೂಡಲೇ ಮಲಗಿಸಿ, ರಕ್ತ ಒರೆಸಿ, ವೈದ್ಯರು ಹೊಲಿಗೆ ಹಾಕುವಷ್ಟು ಹೊತ್ತೂ ನನ್ನ ಕೈ ಹಿಡಿದುಕೊಂಡಿದ್ದರು. ಅವರ ಡ್ರೆಸ್ಸಿಂಗ್ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಇಂದು ಕಲೆ ಹುಡುಕಿದರಷ್ಟೇ ಕಾಣುತ್ತದೆ. ಆದರೆ "ಏನಾಯ್ತಮ್ಮ?" ಎಂದು ಅವರು ಕೇಳಿದಾಗ ಗಂಡ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದ. "ಬಚ್ಚಲಲ್ಲಿ ಜಾರಿ ಬಿದ್ದಳು ಸಿಸ್ಟರ್" ಎಂದು ಅವನೇ ಹೇಳಿದ, ಕೇಸ್ ಶೀಟಿನಲ್ಲಿ ಅದೇ ದಾಖಲಾಯಿತು. ರಕ್ತದೊತ್ತಡ ನೋಡಲು ತೋಳಿನ ಬಟ್ಟೆ ಸರಿಸಿದಾಗ ಅಲ್ಲಿ ಹಳೆಯ ಬಾಸುಂಡೆಗಳಿದ್ದವು. ಸಿಸ್ಟರ್ ಕಣ್ಣು ಒಂದು ಗಳಿಗೆ ಅಲ್ಲಿ ನಿಂತಿತು, ಆಮೇಲೆ ಅವರು ತೋಳನ್ನು ಮೆಲ್ಲಗೆ ಮುಚ್ಚಿದರು. ಅವರಿಗೆ ತಿಳಿಯಿತೆಂದು ನನಗೆ ತಿಳಿಯಿತು, ಇಬ್ಬರೂ ಸುಮ್ಮನಾದೆವು.

ಆ ಸಿಸ್ಟರ್ ಮೇಲೆ ನನಗೆ ಕೋಪವಿಲ್ಲ. ಒಂದೇ ಪಾಳಿಯಲ್ಲಿ ಹತ್ತಾರು ರೋಗಿಗಳನ್ನು ನೋಡಬೇಕಾದವರಿಗೆ, ಇಂಥ ಬಾಸುಂಡೆ ಕಂಡಾಗ ಮುಂದೇನು ಮಾಡಬೇಕೆಂದು ಯಾರೂ ಕಲಿಸಿಕೊಡದಿದ್ದರೆ, ಬಟ್ಟೆ ಮುಚ್ಚುವುದೇ ಮರ್ಯಾದೆಯಂತೆ ಕಾಣುತ್ತದೆ. ಆದರೂ ಸೇವೆಯಾಗಿ ನೋಡಿದರೆ ಅದು ಸೋತ ಸೇವೆಯೇ. ಹಣೆಗೆ ಮಾತ್ರ ಚಿಕಿತ್ಸೆ ಸಿಕ್ಕಿತು, ಹಣೆ ಒಡೆಯಲು ಕಾರಣವಾದದ್ದರ ಜೊತೆಯಲ್ಲೇ ನಾನು ಮನೆಗೆ ಹಿಂತಿರುಗಿದೆ. ತಲೆ, ಮುಖ, ಕುತ್ತಿಗೆಯ ಗಾಯಗಳು, ಬೇರೆ ಬೇರೆ ಹಂತದಲ್ಲಿ ಮಾಯುತ್ತಿರುವ ಬಾಸುಂಡೆಗಳು, ಹೇಳುವ ಕಾರಣಕ್ಕೂ ಗಾಯದ ಜಾಗಕ್ಕೂ ಹೊಂದದಿರುವುದು, ರೋಗಿಯ ಪರವಾಗಿ ಎಲ್ಲ ಉತ್ತರಗಳನ್ನೂ ತಾನೇ ಕೊಡುವ ಜೊತೆಗಾರ: ಇವು ನರ್ಸ್‌ಗಳು ಗುರುತಿಸಬೇಕಾದ ಲಕ್ಷಣಗಳೆಂದು ಓದುವಾಗ ನನ್ನದೇ ಕೇಸ್ ಶೀಟನ್ನು ಬೇರೆ ಯಾರೋ ಬರೆದಿಟ್ಟಂತೆ ಅನ್ನಿಸಿತು. ಗಾಯವೇ ಇರಬೇಕೆಂದೂ ಇಲ್ಲ. ಕಾರಣ ತಿಳಿಯದೆ ಕಾಡುವ ಕಿಬ್ಬೊಟ್ಟೆಯ ನೋವು, ಬಿಡದ ತಲೆನೋವು, ನಿದ್ದೆಗೇಡು, ಬಸುರಿ ತಪಾಸಣೆಗೆ ತೀರಾ ತಡವಾಗಿ ಬರುವುದು ಇವುಗಳ ಹಿಂದೆಯೂ ಅದೇ ಇರಬಹುದು. ಮೊದಲನೆಯ ಆಸ್ಪತ್ರೆಗೆ ಐದರಲ್ಲಿ ಒಂದು ಅಂಕ, ಅದು ಆ ಡ್ರೆಸ್ಸಿಂಗಿಗೆ.

ಎರಡನೆಯ ಆಸ್ಪತ್ರೆಗೆ ಹೋದಾಗ ಮೈಮೇಲೆ ಹೊಸದಾಗಿ ಒಂದು ಗೀರೂ ಇರಲಿಲ್ಲ. ಹಿಂದಿನ ರಾತ್ರಿ ಅವನು ಕುತ್ತಿಗೆ ಒತ್ತಿ ಹಿಡಿದಿದ್ದ. ಬೆಳಿಗ್ಗೆ ಧ್ವನಿ ಒಡೆದಿತ್ತು, ಎಂಜಲು ನುಂಗಿದರೂ ನೋಯುತ್ತಿತ್ತು. ಶೀತವಾಗಿ ಗಂಟಲು ಕಟ್ಟಿದೆ ಎಂದು ಹೇಳಿಕೊಂಡು ಇಬ್ಬರೂ ಹೊರರೋಗಿ ವಿಭಾಗದಲ್ಲಿ ಕುಳಿತಿದ್ದೆವು. ಚೀಟಿ ಬರೆಯುತ್ತಿದ್ದ ಸಿಸ್ಟರ್ ನನ್ನ ಧ್ವನಿ ಕೇಳಿ ತಲೆಯೆತ್ತಿ ನೋಡಿದರು, ಟಾರ್ಚ್ ಹಿಡಿದು ಗಂಟಲು ನೋಡುವ ನೆಪದಲ್ಲಿ ಕೆಳರೆಪ್ಪೆ ಎಳೆದು ಕಣ್ಣು ನೋಡಿದರು. ಆಮೇಲೆ ಎಲ್ಲರಿಗೂ ಹೇಳುವ ಮಾಮೂಲಿ ದನಿಯಲ್ಲಿ "ತೂಕ ನೋಡಬೇಕು, ಮೂತ್ರ ಪರೀಕ್ಷೆಗೂ ಕೊಡಬೇಕು, ಒಳಗೆ ಬನ್ನಿ. ನೀವು ಇಲ್ಲೇ ಕೂತಿರಿ ಸರ್" ಎಂದರು. ಅವನಿಗೆ ಅನುಮಾನ ಬರುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಈ ಸೇವೆಯ ಅತಿ ಮುಖ್ಯ ಭಾಗ ಯಾವುದೆಂದು ಯಾರಾದರೂ ಕೇಳಿದರೆ ನಾನು ಆ ಎರಡು ವಾಕ್ಯಗಳನ್ನೇ ತೋರಿಸುತ್ತೇನೆ. ಹೊಡೆಯುವವನ ಎದುರಿಗೆ ಕೇಳಿದ ಪ್ರಶ್ನೆ, ಅದೆಷ್ಟೇ ಕರುಣೆಯಿಂದ ಕೇಳಿದ್ದಾದರೂ, ಮನೆಗೆ ಹೋದ ಮೇಲೆ ಇನ್ನೊಂದು ಏಟಿಗೆ ಕಾರಣವಾಗಬಹುದು. ಅತ್ತೆ, ತಾಯಿ, ಮಗಳು, ಭಾಷಾಂತರಕ್ಕೆಂದು ಬಂದ ನೆಂಟರು ಯಾರೇ ಇರಲಿ, ಅವರ ಮುಂದೆಯೂ ಕೇಳಬಾರದು.

ಬಾಗಿಲು ಹಾಕಿದ ಮೇಲೆ ಅವರು ತಟ್ಟನೆ ಪ್ರಶ್ನೆಗೆ ಇಳಿಯಲಿಲ್ಲ. ತಾನು ಯಾವ ಮಾತನ್ನು ಗುಟ್ಟಾಗಿ ಇಡಬಹುದು, ಯಾವುದನ್ನು ಕಾನೂನಿನ ಪ್ರಕಾರ ಬೇರೆಯವರಿಗೆ ತಿಳಿಸಲೇಬೇಕಾಗುತ್ತದೆ ಎಂಬುದನ್ನು ಮೊದಲು ವಿವರಿಸಿದರು. ನಾನು ಬಾಯಿಬಿಟ್ಟ ಮೇಲೆ ಅದನ್ನು ಹೇಳಿದ್ದರೆ ಮೋಸ ಹೋದೆ ಎಂದುಕೊಳ್ಳುತ್ತಿದ್ದೆ. ಆಮೇಲೆ ಕೇಳಿದರು: "ಇಂಥ ಧ್ವನಿ, ಕಣ್ಣಲ್ಲಿ ಇಂಥ ಕೆಂಪು ಚುಕ್ಕೆ ಇರುವವರನ್ನ ನಾನು ಮುಂಚೆ ನೋಡಿದ್ದೀನಿ. ಯಾರಾದರೂ ನಿಮ್ಮ ಕುತ್ತಿಗೆ ಒತ್ತಿದರಾ?" ಕೌಟುಂಬಿಕ ಹಿಂಸೆ ಇದೆಯೇ ಎಂದು ಕೇಳಿದ್ದರೆ ಇಲ್ಲವೆಂದೇ ಹೇಳುತ್ತಿದ್ದೆನೋ ಏನೋ, ಏಕೆಂದರೆ ಅಲ್ಲಿಯವರೆಗೆ ನನ್ನ ಬದುಕಿಗೆ ಆ ಹೆಸರನ್ನು ನಾನು ಕೊಟ್ಟಿರಲಿಲ್ಲ. ಕೈ, ಕುತ್ತಿಗೆ, ಒತ್ತುವುದು ಎಂಬ ಮಾತುಗಳಿಗೆ ಮಾತ್ರ ಸುಳ್ಳು ಹೇಳಲು ಆಗಲಿಲ್ಲ. ಹೌದು ಎಂದು ತಲೆಯಾಡಿಸಿದೆ.

ಮುಂದಿನದು ಅವರ ವೈದ್ಯಕೀಯ ತಿಳಿವಳಿಕೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕತ್ತು ಹಿಸುಕಿದಾಗ ಚರ್ಮದ ಮೇಲೆ ಗುರುತೇ ಮೂಡದಿರುವುದು ಅಪರೂಪವೇನಲ್ಲ. ಗುರುತಿಲ್ಲವೆಂದರೆ ಒಳಗೆ ಪೆಟ್ಟಾಗಿಲ್ಲ ಎಂದೂ ಅಲ್ಲ. ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿದ್ದರೆ ಅಲ್ಲಿ ಹೆಪ್ಪುಗಟ್ಟಿದ ರಕ್ತ ದಿನಗಳ ನಂತರವೂ ಮೆದುಳಿಗೆ ಹೋಗಿ ಪಾರ್ಶ್ವವಾಯು ತರಬಹುದು, ಗಂಟಲಿನ ಊತ ನಿಧಾನವಾಗಿ ಏರಿ ಉಸಿರಾಟಕ್ಕೆ ಅಡ್ಡಿಯಾಗಬಹುದು. ಒಡೆದ ಧ್ವನಿ, ನುಂಗಲು ತೊಂದರೆ, ಕಣ್ಣಿನಲ್ಲೋ ಮುಖದಲ್ಲೋ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು, ಹಿಸುಕಿದ ಹೊತ್ತಿನಲ್ಲಿ ಪ್ರಜ್ಞೆ ತಪ್ಪಿದ್ದು, ಅರಿವಿಲ್ಲದೆ ಮೂತ್ರ ಹೋದದ್ದು, ಇವೆಲ್ಲವನ್ನೂ ಸಿಸ್ಟರ್ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಆಮೇಲೆ ತಾವೇ ವೈದ್ಯರ ಬಳಿ ಹೋಗಿ ಮಾತನಾಡಿದರು, ಕುತ್ತಿಗೆಯ ರಕ್ತನಾಳಗಳ ಸ್ಕ್ಯಾನಿಗೆ ಬರೆಸಿಕೊಂಡು ಬಂದರು. ಶೀತದ ಮಾತ್ರೆ ಹಿಡಿದು ಮನೆಗೆ ಹೋಗಬೇಕಾಗಿದ್ದವಳು ನಾನು. ಸ್ಕ್ಯಾನಿನಲ್ಲಿ ಗಂಡಾಂತರ ಕಾಣಲಿಲ್ಲ, ಅದು ನನ್ನ ಅದೃಷ್ಟ.

ಸ್ಕ್ಯಾನ್ ವಿಭಾಗದ ಬಾಗಿಲು ದಾಟಿ ಜೊತೆಗಾರರು ಬರುವಂತಿರಲಿಲ್ಲ. ಒಳಗೆ ಸರದಿಗಾಗಿ ಕಾಯುವ ಆ ಹೊತ್ತನ್ನು ಸಿಸ್ಟರ್ ಇನ್ನೊಂದು ಕೆಲಸಕ್ಕೆ ಬಳಸಿಕೊಂಡರು. ಒಂದು ಕ್ಯಾಲೆಂಡರ್ ತಂದು ಮುಂದಿಟ್ಟು, ಕಳೆದ ಒಂದು ವರ್ಷದಲ್ಲಿ ಏಟು ಬಿದ್ದ ದಿನಗಳನ್ನು ನೆನಪಿರುವಷ್ಟು ಗುರುತು ಮಾಡಲು ಹೇಳಿದರು. ಯಾವಾಗಲೋ ಒಮ್ಮೊಮ್ಮೆ, ಸಿಟ್ಟು ಬಂದಾಗ ಮಾತ್ರ ಎಂದು ನಾನು ನನಗೇ ಹೇಳಿಕೊಂಡು ಬಂದಿದ್ದೆ. ಹಬ್ಬ, ಹುಟ್ಟಿದ ದಿನ, ಮಗುವಿನ ಪರೀಕ್ಷೆ ಎಂದು ನೆನಪಿಸಿಕೊಳ್ಳುತ್ತಾ ಗುರುತು ಹಾಕುತ್ತಾ ಹೋದಂತೆ, ಕೊನೆಯ ಮೂರು ತಿಂಗಳ ಪುಟಗಳಲ್ಲಿ ಗುರುತುಗಳು ಒತ್ತೊತ್ತಾಗಿ ಕುಳಿತಿದ್ದವು. ಅದನ್ನು ನನಗೆ ಯಾರೂ ಹೇಳಬೇಕಾಗಲಿಲ್ಲ.

ಈ ಕ್ಯಾಲೆಂಡರ್ ಆ ಸಿಸ್ಟರ್ ಕಂಡುಹಿಡಿದದ್ದಲ್ಲ. ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ಅಮೆರಿಕದ ನರ್ಸ್ 1985ರಲ್ಲಿ ರೂಪಿಸಿದ ಅಪಾಯ ಅಳೆಯುವ ವಿಧಾನದ ಮೊದಲ ಭಾಗ ಅದು. ಆಮೇಲಿನ ಭಾಗದಲ್ಲಿ ಹೌದು, ಇಲ್ಲ ಎಂದು ಉತ್ತರಿಸುವ ಪ್ರಶ್ನೆಗಳಿವೆ, ಈಗಿನ ರೂಪದಲ್ಲಿ ಇಪ್ಪತ್ತು. ಹೊಡೆತ ಹೆಚ್ಚುತ್ತಿದೆಯೇ, ಮನೆಯಲ್ಲಿ ಬಂದೂಕು ಇದೆಯೇ, ಕೊಲ್ಲುತ್ತೇನೆಂದು ಹೆದರಿಸಿದ್ದಾನೆಯೇ, ಬಸುರಿಯಾಗಿದ್ದಾಗ ಹೊಡೆದಿದ್ದಾನೆಯೇ, ನಿಮ್ಮ ದಿನದ ಓಡಾಟವನ್ನೆಲ್ಲ ತನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ದಾನೆಯೇ, ಕತ್ತು ಹಿಸುಕಿದ್ದಾನೆಯೇ ಎಂಬಂಥವು. ಕೊನೆಯದನ್ನು ಸುಮ್ಮನೆ ಸೇರಿಸಿದ್ದಲ್ಲ. ಅಮೆರಿಕದ ನಗರಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಮ್ಮೆ ಸಂಗಾತಿಯಿಂದ ಕತ್ತು ಹಿಸುಕಿಸಿಕೊಂಡ ಮಹಿಳೆ ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು ಎಂದು ಕಂಡುಬಂದಿತ್ತು. ನನ್ನ ಉತ್ತರಗಳನ್ನು ಕೂಡಿ ನೋಡಿದ ಮೇಲೆ ಸಿಸ್ಟರ್ ಮಾತು ಮರೆಸಲಿಲ್ಲ. "ನಿಮ್ಮ ಜೀವದ ಬಗ್ಗೆ ನನಗೆ ಭಯವಾಗ್ತಿದೆ" ಎಂದರು. ಅಷ್ಟು ವರ್ಷಗಳಲ್ಲಿ ನನ್ನ ಪರವಾಗಿ ಇನ್ನೊಬ್ಬರು ಭಯಪಟ್ಟದ್ದು ಅದೇ ಮೊದಲು.

ಅವರು ಹೇಳದೆ ಬಿಟ್ಟ ಮಾತುಗಳಿಗೂ ಅಂಕ ಕೊಡಬೇಕು. ಬಿಟ್ಟು ಬನ್ನಿ ಎಂದು ಅವಸರಿಸಲಿಲ್ಲ, ಹೊಂದಿಕೊಂಡು ಹೋಗಿ ಎಂದು ಬುದ್ಧಿ ಹೇಳಲಿಲ್ಲ, ಅವನನ್ನು ಕರೆಸಿ ಮಾತನಾಡುತ್ತೇನೆ ಎನ್ನಲಿಲ್ಲ, ಇಷ್ಟು ದಿನ ಏಕೆ ಸಹಿಸಿಕೊಂಡಿರಿ ಎಂದು ಕೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಗಳನ್ನು ಆಧರಿಸಿದ ಕೈಪಿಡಿಯಲ್ಲಿ ಇದಕ್ಕೆ ಐದು ಹೆಜ್ಜೆಗಳನ್ನು ಹೇಳಲಾಗಿದೆ: ತೀರ್ಪು ಕೊಡದೆ ಕೇಳಿಸಿಕೊಳ್ಳುವುದು, ಆಕೆಗೆ ಏನು ಬೇಕಾಗಿದೆ ಎಂದು ವಿಚಾರಿಸುವುದು, ಆಕೆಯ ಮಾತನ್ನು ನಂಬಿರುವುದಾಗಿ ತೋರಿಸುವುದು, ಮುಂದಿನ ಸುರಕ್ಷತೆಯನ್ನು ಯೋಚಿಸುವುದು, ಬೇರೆ ನೆರವಿನವರೊಂದಿಗೆ ಜೋಡಿಸುವುದು. ಬಂದ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಬೇಕೆಂದು ಆ ಮಾರ್ಗಸೂಚಿಗಳು ಹೇಳುವುದಿಲ್ಲ. ಲಕ್ಷಣ ಕಂಡಲ್ಲಿ, ಏಕಾಂತ ಇದ್ದಲ್ಲಿ, ಕೇಳಲು ತರಬೇತಿ ಪಡೆದವರು ಇದ್ದಲ್ಲಿ, ಹೌದು ಎಂದರೆ ಮುಂದೆ ಕಳುಹಿಸಲು ದಾರಿ ಇದ್ದಲ್ಲಿ ಕೇಳಬೇಕು ಎನ್ನುತ್ತವೆ. ಇದು ನನಗೆ ಸರಿಯೆನಿಸುತ್ತದೆ, ಏಕೆಂದರೆ ಕೇಳಿ ಕೈಬಿಡುವುದು ಕೇಳದಿರುವುದಕ್ಕಿಂತ ಹೆಚ್ಚು ನೋಯಿಸುತ್ತದೆ.

ದಾಖಲೆಯ ಮಾತು. ತಿಂಗಳುಗಳ ನಂತರ ಎರಡೂ ಆಸ್ಪತ್ರೆಗಳ ಕಾಗದಗಳು ನನಗೆ ಬೇಕಾದವು. ಮೊದಲನೆಯದರಲ್ಲಿ ಇದ್ದದ್ದು ಗಂಡನ ಮಾತು. ಎರಡನೆಯದರಲ್ಲಿ ನಾನಾಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ನಾನು ಹೇಳಿದಂತೆಯೇ ಬರೆದಿದ್ದರು, ಯಾರು, ಯಾವಾಗ, ಒಂದು ಕೈಯಿಂದಲೋ ಎರಡು ಕೈಯಿಂದಲೋ ಎಂಬುದೂ ಇತ್ತು. ಮುದ್ರಿತ ದೇಹದ ಚಿತ್ರದ ಮೇಲೆ ನೋವಿರುವ ಜಾಗ, ಹಳೆಯ ಬಾಸುಂಡೆಗಳ ಅಳತೆ, ಬಣ್ಣವನ್ನು ಗುರುತಿಸಿದ್ದರು. ಬಣ್ಣ ನೋಡಿ ಇದು ಇಷ್ಟು ದಿನದ ಹಿಂದಿನದು ಎಂದು ಬರೆದಿರಲಿಲ್ಲ, ಹಾಗೆ ಹೇಳಲು ಬರುವುದೂ ಇಲ್ಲ. "ರೋಗಿ ಆರೋಪಿಸುತ್ತಾರೆ" ಎಂಬ ಅನುಮಾನದ ಪದದ ಜಾಗದಲ್ಲಿ "ರೋಗಿ ಹೇಳಿದರು" ಎಂದಿತ್ತು. ಒಂದು ಕ್ರಿಯಾಪದ ಇಷ್ಟು ಭಾರ ಹೊರುತ್ತದೆಂದು ಆ ಕಾಗದ ಕೈಗೆ ಬರುವವರೆಗೆ ನನಗೆ ಗೊತ್ತಿರಲಿಲ್ಲ.

ಹಾಗಿದ್ದರೂ ಎರಡನೆಯ ಆಸ್ಪತ್ರೆಗೆ ನಾನು ಐದಕ್ಕೆ ಐದು ಕೊಡುತ್ತಿಲ್ಲ. ಅಂದು ಸಿಸ್ಟರ್, ಇಷ್ಟವಿಲ್ಲದಿದ್ದಾಗಲೂ ಬಲವಂತ ಮಾಡಿದ್ದಾನೆಯೇ ಎಂದೂ ಕೇಳಿದ್ದರು. ಕುತ್ತಿಗೆಯ ಮಾತು ಹೇಳಿದ್ದೇ ಹೆಚ್ಚಾಗಿತ್ತು, ಇದನ್ನು ಹೇಳಲು ನಾಲಿಗೆ ಏಳಲಿಲ್ಲ, ಇಲ್ಲ ಎಂದೆ. ವಾರದ ನಂತರ ಮತ್ತೆ ಹೋದಾಗ ನಿಜ ಹೇಳಿದೆ. ಅವರು ಒಂದು ಮಾತೂ ಆಕ್ಷೇಪಿಸದೆ, ಪ್ರತಿ ಹೆಜ್ಜೆಯನ್ನೂ ಮೊದಲು ವಿವರಿಸಿ, ಯಾವ ಹಂತದಲ್ಲಿಯೂ ಬೇಡವೆನ್ನಬಹುದು ಎಂದು ಹೇಳಿ ಪರೀಕ್ಷೆಗೆ ವ್ಯವಸ್ಥೆ ಮಾಡಿದರು. ಆದರೆ ಅಷ್ಟರಲ್ಲಿ ಗಡುವುಗಳು ದಾಟಿದ್ದವು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳ ಒಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ತುರ್ತು ಗರ್ಭನಿರೋಧಕ ಮಾತ್ರೆಗೆ ಐದು ದಿನಗಳ ಅವಕಾಶವಿದ್ದರೂ ಬೇಗ ನುಂಗಿದಷ್ಟೂ ಫಲ ಹೆಚ್ಚು. ಮೈಮೇಲಿನ ಸಾಕ್ಷ್ಯವೂ ಗಂಟೆಗಂಟೆಗೂ ಅಳಿಯುತ್ತದೆ. ನಾನು ಇಲ್ಲ ಎಂದ ಕೂಡಲೇ ಸಿಸ್ಟರ್ ಆ ವಿಷಯವನ್ನು ಅಲ್ಲಿಗೇ ಬಿಟ್ಟರು. ನನ್ನನ್ನು ಗೌರವಿಸಿಯೇ ಬಿಟ್ಟರು, ಅದು ಗೊತ್ತು. ಆದರೆ ಇಲ್ಲ ಎಂದವರಿಗೂ ಈ ಗಂಟೆಗಳ ಲೆಕ್ಕವನ್ನು ಮಾಹಿತಿಯಂತೆ ಹೇಳಿಬಿಡಬೇಕು. ಮೊದಲ ಸಲ ಕೇಳಿದಾಗಲೇ ಎಲ್ಲವನ್ನೂ ಹೇಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಗಡುವು ತಿಳಿದಿದ್ದರೆ ನಾನು ಮಾರನೆಯ ದಿನವೇ ಹಿಂತಿರುಗುತ್ತಿದ್ದೆ.

ಲೈಂಗಿಕ ಹಿಂಸೆಯ ಆರೈಕೆಗೆಂದೇ ನರ್ಸ್‌ಗಳನ್ನು ತಯಾರು ಮಾಡುವ ಕೆಲಸ ಹೊಸದೇನಲ್ಲ. ಅಮೆರಿಕದ ಮೆಂಫಿಸ್‌ನಲ್ಲಿ 1976ರಲ್ಲಿ, ಮಿನಿಯಾಪೊಲಿಸ್‌ನಲ್ಲಿ 1977ರಲ್ಲಿ ಇಂಥ ನರ್ಸ್‌ಗಳ ಘಟಕಗಳು ಆರಂಭವಾದವು, 1992ರಲ್ಲಿ ವಿಧಿವಿಜ್ಞಾನ ನರ್ಸ್‌ಗಳ ಅಂತರರಾಷ್ಟ್ರೀಯ ಸಂಘವೂ ಹುಟ್ಟಿತು. ತುರ್ತು ವಿಭಾಗದಲ್ಲಿ ಗಂಟೆಗಟ್ಟಲೆ ಕಾಯಿಸಿ, ಸಾಕ್ಷ್ಯ ಸಂಗ್ರಹಿಸಲು ಅಭ್ಯಾಸವಿಲ್ಲದವರ ಕೈಗೆ ಒಪ್ಪಿಸುತ್ತಿದ್ದ ರೀತಿಯನ್ನು ನೋಡಲಾರದೆ ನರ್ಸ್‌ಗಳೇ ಮುಂದೆ ಬಂದ ಕತೆ ಅದು. ಇನ್ನೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕನ್ಯತ್ವ ಪರೀಕ್ಷೆಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ, ಅದನ್ನು ಕೊನೆಗಾಣಿಸಬೇಕೆಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2018ರಲ್ಲಿ ಕರೆ ಕೊಟ್ಟಿವೆ. ಯಾವ ಆಸ್ಪತ್ರೆಯಲ್ಲಾದರೂ ಅಂಥ ಪರೀಕ್ಷೆಯ ಮಾತು ಎತ್ತಿದರೆ, ಅಲ್ಲಿನ ಉಳಿದ ಸೇವೆ ಎಷ್ಟೇ ಚೆನ್ನಾಗಿದ್ದರೂ ನಾನು ಅದಕ್ಕೆ ಅಂಕವನ್ನೇ ಕೊಡಲಾರೆ.

ಎರಡನೆಯ ಕೊರತೆ ನನ್ನನ್ನು ಇನ್ನೂ ಚುಚ್ಚುತ್ತದೆ. ಅದೇ ಮರುಭೇಟಿಯ ದಿನ ಬೇರೆ ಪಾಳಿಯ ನರ್ಸ್ ಒಬ್ಬರು ಕಡತ ಹಿಡಿದು ಬಂದು, ಜನ ತುಂಬಿದ ಪಡಸಾಲೆಯಲ್ಲಿ "ಗಂಡ ಹೊಡೆದ ಕೇಸು ಯಾರದಮ್ಮ?" ಎಂದು ಕೂಗಿದರು. ಅಂದು ನಾನು ಒಬ್ಬಳೇ ಹೋಗಿದ್ದೆ, ಇಲ್ಲದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಆಗುವುದಿಲ್ಲ. ಮೊದಲ ದಿನದ ಸಿಸ್ಟರ್ ಕರಪತ್ರ ಕೂಡ ಕೊಡದೆ, ಅವನ ಕಣ್ಣಿಗೆ ಬೀಳಬಾರದೆಂದು ಸಹಾಯವಾಣಿಯ ಸಂಖ್ಯೆಯನ್ನು ನನ್ನಿಂದ ಮೂರು ಸಲ ಹೇಳಿಸಿ ಬಾಯಿಪಾಠ ಮಾಡಿಸಿದ್ದರು. ದಾಖಲೆ ಪತ್ರಗಳ ಚೀಲವನ್ನು ಯಾರ ಮನೆಯಲ್ಲಿ ಇಡುವುದು, ಜಗಳ ಶುರುವಾದಾಗ ಚೂರಿ, ಒಲೆ ಇರುವ ಅಡುಗೆಮನೆಯಿಂದ ದೂರ ಸರಿಯುವುದು, ಪಕ್ಕದ ಮನೆಯವರಿಗೆ ಯಾವ ಗುಟ್ಟಿನ ಪದ ಹೇಳಿಡುವುದು ಎಂದೆಲ್ಲ ನನ್ನ ಜೊತೆ ಕುಳಿತು ಯೋಚಿಸಿದ್ದರು. ಬಿಟ್ಟು ಹೊರಡುವ ಹೊತ್ತೇ ಹೆಚ್ಚು ಅಪಾಯದ್ದು, ಆದ್ದರಿಂದ ಹೊರಡುವುದನ್ನು ಅವನಿಗೆ ಮುಂಚೆ ತಿಳಿಸಬೇಡಿ ಎಂದಿದ್ದರು. ಅಷ್ಟು ಜೋಪಾನವಾಗಿ ಕಟ್ಟಿದ್ದನ್ನು ಒಂದು ಕೂಗು ಕೆಡವಬಹುದಾಗಿತ್ತು. ತರಬೇತಿ ಪಡೆದವರು ಒಬ್ಬರೇ ಇದ್ದರೆ ಅದು ಆ ಒಬ್ಬರ ಒಳ್ಳೆಯತನ. ಆಸ್ಪತ್ರೆಯ ಸೇವೆ ಎನಿಸಿಕೊಳ್ಳಬೇಕಾದರೆ ಮೂರು ಪಾಳಿಯಲ್ಲಿಯೂ, ಚೀಟಿ ಬರೆಯುವ ಮೇಜಿನಿಂದ ಹಿಡಿದು ಕಡತ ತರುವವರವರೆಗೆ, ಅದು ಇರಬೇಕು.

ಇದನ್ನು ನರ್ಸ್‌ಗಳ ತಲೆಗೆ ಕಟ್ಟಿ ಸುಮ್ಮನಾಗುವುದು ಅನ್ಯಾಯ. ನನ್ನೊಡನೆ ಮಾತನಾಡಲು ಆ ಸಿಸ್ಟರ್‌ಗೆ ಸಿಕ್ಕಿದ್ದು ತೂಕದ ಯಂತ್ರ ಇಟ್ಟಿದ್ದ ಉಗ್ರಾಣದಂಥ ಕೋಣೆ, ಮಾತಿನ ನಡುವೆ ಎರಡು ಸಲ ಹೊರಗಿನಿಂದ ಅವರನ್ನು ಕರೆದರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ಮಹಿಳೆಯರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಗೆ, ಇಲ್ಲವೇ ಬೇರೆಯವರಿಂದ ಲೈಂಗಿಕ ಹಿಂಸೆಗೆ ಒಳಗಾಗಿದ್ದಾರೆ. ನರ್ಸ್‌ಗಳಲ್ಲಿ ಬಹುಪಾಲು ಮಂದಿ ಮಹಿಳೆಯರು. ಅಂದರೆ ಪ್ರಶ್ನೆ ಕೇಳುವವರ ಸಾಲಿನಲ್ಲಿಯೂ ಅದೇ ಪ್ರಶ್ನೆಗೆ ಹೌದು ಎನ್ನಬೇಕಾದವರು ಎಷ್ಟೋ ಮಂದಿ ಇರುತ್ತಾರೆ. ಮೊದಲನೆಯ ಆಸ್ಪತ್ರೆಯಲ್ಲಿ ನನ್ನ ತೋಳು ಮುಚ್ಚಿದ ಸಿಸ್ಟರ್ ನೆನಪಾದಾಗಲೆಲ್ಲ ಈ ಯೋಚನೆ ಬರುತ್ತದೆ. ದಿನವೂ ಇಂಥ ಕತೆಗಳನ್ನು ಕೇಳುವವರ ಮನಸ್ಸಿನ ಭಾರ ಇಳಿಸುವ ಏರ್ಪಾಡು, ಬಾಗಿಲಿರುವ ಒಂದು ಕೋಣೆ, ಆ ಅರ್ಧ ಗಂಟೆ ಅವರ ಉಳಿದ ರೋಗಿಗಳನ್ನು ನೋಡಿಕೊಳ್ಳುವ ಇನ್ನೊಬ್ಬರು, ರಾತ್ರಿ ಪಾಳಿಯಲ್ಲಿಯೂ ಕರೆದರೆ ಬರುವ ಆಪ್ತಸಮಾಲೋಚಕರು ಇವನ್ನು ಒದಗಿಸಬೇಕಾದದ್ದು ಆಡಳಿತ ಮಂಡಳಿ.

ಎರಡನೆಯ ಆಸ್ಪತ್ರೆಗೆ ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ಹೇಳದೆ ಉಳಿದ ಗಡುವಿಗೆ ಮತ್ತು ಪಡಸಾಲೆಯ ಕೂಗಿಗೆ. ಅಂದು ನಾನು ಮನೆಗೇ ಹಿಂತಿರುಗಿದೆ, ಸಿಸ್ಟರ್ ತಡೆಯಲಿಲ್ಲ, "ಯಾವಾಗ ಬೇಕಾದರೂ ಬನ್ನಿ, ಗಂಟಲು ನೋವು ಅಂತಲೇ ಹೇಳಿ ಬನ್ನಿ" ಎಂದರು. ಏಳು ವಾರಗಳ ನಂತರ, ಅವನು ಊರಲ್ಲಿಲ್ಲದ ದಿನ, ಮಗುವನ್ನೂ ಆ ಚೀಲವನ್ನೂ ತೆಗೆದುಕೊಂಡು ಹೊರಟೆ.

ನೀವು ಇಂಥ ಸ್ಥಿತಿಯಲ್ಲಿದ್ದು ಆಸ್ಪತ್ರೆಗೆ ಹೋಗುವುದಾದರೆ, ಸಿಸ್ಟರ್ ಪಕ್ಕಕ್ಕೆ ಕರೆಯುವವರೆಗೆ ಕಾಯಬೇಕಾಗಿಲ್ಲ. ಹೆಂಗಸರ ತೊಂದರೆ, ಒಬ್ಬಳೇ ಮಾತನಾಡಬೇಕು ಎಂದು ನೀವೇ ಕೇಳಬಹುದು. ಕೇಸ್ ಶೀಟಿನಲ್ಲಿ ನಿಮ್ಮ ಮಾತು ಬರೆದಿದ್ದಾರೆಯೇ ಎಂದು ಓದಿಸಿ ಕೇಳಿ. ಯಾರಾದರೂ ಕುತ್ತಿಗೆ ಒತ್ತಿದ್ದರೆ, ಕನ್ನಡಿಯಲ್ಲಿ ಗುರುತೇನೂ ಕಾಣದಿದ್ದರೂ, ದಿನಗಳು ಕಳೆದಿದ್ದರೂ, ಅದನ್ನು ಬಾಯಿಬಿಟ್ಟು ಹೇಳಿ. ಧ್ವನಿ ಒಡೆದಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಒಂದು ಕಡೆಯ ಕೈಕಾಲು ಜೋಮುಗಟ್ಟುತ್ತಿದ್ದರೆ, ನೋಟ ಮಂಜಾಗುತ್ತಿದ್ದರೆ, ಸಹಿಸಲಾಗದ ತಲೆನೋವು ಇದ್ದರೆ ಈಗಲೇ ಹೊರಡಿ.